ಅತಿಭಾರಾರೋಪಣವೂ ಸನ್ನೆಗೋಲೂ

ಕಾರ್ಕಳದ ಬಂಡೆಬೆಟ್ಟದ ನೆತ್ತಿಯ ಮೇಲೆ ನಿಂತಿರುವ ಭಗವಾನ್ ಬಾಹುಬಲಿಯ ಮೂರ್ತಿಗೆ ಪ್ರತಿಷ್ಠೆಯಾದುದು ಕ್ರಿ.ಶ. 1432ರ ಫೆಬ್ರವರಿ 13ರಂದು. ಭೈರವ ಅರಸನಾದ ವೀರಪಾಂಡ್ಯನು ಲಲಿತಕೀರ್ತಿ ಮುನಿಗಳ ಉಪದೇಶದಂತೆ ಈ ಧರ್ಮಕಾರ್ಯವನ್ನು ನೆರವೇರಿಸಿದನೆಂಬುದು ಇತಿಹಾಸಪ್ರಸಿದ್ಧ. ಮೂರ್ತಿಯ ಎತ್ತರ ಸುಮಾರು 42 ಅಡಿ. ಇದಕ್ಕಿಂತ ಸುಮಾರು ನಾಲ್ಕೂವರೆ ಶತಮಾನ ಮೊದಲು ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಮಾಡಿಸಿದ 58 ಅಡಿಯ ಮೂರ್ತಿಗೂ ಇದಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅಲ್ಲಿ ವಿಂಧ್ಯಗಿರಿಯ ತುದಿಯ ಬಂಡೆಯನ್ನೇ ಇದ್ದಲ್ಲಿ ಕಡೆಯಲಾಯಿತು. ಮೂರ್ತಿಯು ಬೆಟ್ಟವನ್ನು ಹತ್ತಬೇಕಾಗಿರಲಿಲ್ಲ. ಕಾರ್ಕಳದಲ್ಲಾದರೋ ಮೂರ್ತಿಯನ್ನು ಬೇರೆಡೆ ಕಡೆದು, ಬಳಿಕ ಬೆಟ್ಟದ ಮೇಲಕ್ಕೆ ಸಾಗಿಸಿದರೆಂದು ಪರಂಪರೆ ಹೇಳುತ್ತದೆ.

ಆ ಸಾಗಾಣಿಕೆಯ ನೆನಪು ಜನರ ಬಾಯಲ್ಲಿ ಬಹುಕಾಲ ಉಳಿಯಿತು. ಮದರಾಸು ಸಿವಿಲ್ ಸರ್ವೀಸಿನಲ್ಲಿದ್ದು ದಕ್ಷಿಣ ಕನ್ನಡವನ್ನು ಚೆನ್ನಾಗಿ ಬಲ್ಲವನಾಗಿದ್ದ ವಾಲ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಅದನ್ನು ಬರೆದಿಟ್ಟನು. ಉಕ್ಕಿನ ಚಕ್ರಗಳುಳ್ಳ ಇಪ್ಪತ್ತು ಬಂಡಿಗಳ ಸಾಲಿನ ಮೇಲೆ ಮೂರ್ತಿಯನ್ನು ಮಲಗಿಸಿದರೆಂದೂ, ಒಂದೊಂದು ಚಕ್ರಕ್ಕೂ ಹತ್ತು ಸಾವಿರ ತೆಂಗಿನಕಾಯಿಗಳನ್ನು ಒಡೆದರೆಂದೂ, ಅಪಾರ ಜನಸಮೂಹವು ಇಳಿಜಾರಾದ ದಾರಿಯೊಂದರ ಮೇಲೆ ಅದನ್ನು ಎಳೆದು ನೆತ್ತಿಗೆ ಮುಟ್ಟಿಸಿತೆಂದೂ ಆ ಐತಿಹ್ಯ ಹೇಳುತ್ತದೆ. ಮೂರ್ತಿಯ ತೂಕ ಸುಮಾರು 80 ಟನ್ ಎಂಬುದು ಅಂದಿನಿಂದ ಬಂದಿರುವ ಅಂದಾಜು. ತೆಂಗಿನಕಾಯಿಗಳ ಎಣಿಕೆಯಲ್ಲಿ ಭಕ್ತಿಯ ಉತ್ಪ್ರೇಕ್ಷೆ ಇರಬಹುದು. ಆದರೆ ಐತಿಹ್ಯದ ತಿರುಳನ್ನು ನೋಡಿದರೆ ಅದರಲ್ಲಿ ಮೂರು ಅಂಶಗಳಿವೆ: ಚಕ್ರ, ಇಳಿಜಾರು ಮತ್ತು ಬಹುಜನರ ಕೈ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇವು ಮೂರೂ ಸರಿಯಾದ ಉತ್ತರಗಳೇ.

ರಾಜನ ಹೆಸರು ಶಾಸನದಲ್ಲಿದೆ. ಗುರುವಿನ ಹೆಸರು ಪರಂಪರೆಯಲ್ಲಿದೆ. ಹಗ್ಗ ಹಿಡಿದವರ ಹೆಸರು ಎಲ್ಲಿಯೂ ಇಲ್ಲ. ಅವರಲ್ಲಿ ಒಬ್ಬೊಬ್ಬನ ಪಾಲಿಗೆ ಎಷ್ಟು ಭಾರ ಬಂದಿತು ಎಂಬ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ಶ್ರಾವಕಧರ್ಮವು ಆ ಪ್ರಶ್ನೆಯನ್ನು ವ್ರತದ ಮಟ್ಟಕ್ಕೆ ಏರಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟಿದೆ. ಆ ಹೆಸರೇ ಅತಿಭಾರಾರೋಪಣ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವುದು ಸರ್ವವಿದಿತ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು ಮತ್ತು ಅನ್ನನೀರನ್ನು ತಡೆಯುವುದು ಇವೇ ಆ ಐದು. ಇವುಗಳಲ್ಲಿ ನಾಲ್ಕನೆಯದು ಉಳಿದವುಗಳಿಗಿಂತ ಸೂಕ್ಷ್ಮವಾದುದು. ಹೊಡೆಯುವವನಿಗೆ ತಾನು ಹೊಡೆಯುತ್ತಿರುವುದು ತಿಳಿದಿರುತ್ತದೆ. ಭಾರ ಹೇರುವವನಿಗೆ ಅದು ಅತಿಭಾರವಾಯಿತೆಂಬುದು ಅನೇಕ ವೇಳೆ ತಿಳಿಯುವುದೇ ಇಲ್ಲ. ಹೊರುವವನಿಗೆ ಮಾತ್ರ ತಿಳಿಯುತ್ತದೆ. ಆದುದರಿಂದ ಈ ಅತಿಚಾರದಿಂದ ಪಾರಾಗಲು ಮನಸ್ಸಿನ ಮರುಕವೊಂದೇ ಸಾಲದು. ಭಾರವನ್ನು ಅಳೆಯುವ ತಿಳಿವಳಿಕೆಯೂ ಬೇಕು. ಆ ತಿಳಿವಳಿಕೆಯನ್ನು ಒದಗಿಸುವುದು ಸರಳ ಯಂತ್ರಗಳ ಶಾಸ್ತ್ರ.

ಸನ್ನೆಗೋಲು, ಚಕ್ರ ಮತ್ತು ಅಚ್ಚು, ರಾಟೆ, ಇಳಿಜಾರು, ಬೆಣೆ, ತಿರುಪು ಈ ಆರನ್ನು ಸರಳ ಯಂತ್ರಗಳೆಂದು ಎಣಿಸುವುದು ರೂಢಿ. ಇವುಗಳ ಬಳಕೆ ಇತಿಹಾಸಕ್ಕಿಂತ ಹಳೆಯದು. ಇವುಗಳ ಲೆಕ್ಕಾಚಾರ ಮಾತ್ರ ಈಚಿನದು. ಸನ್ನೆಗೋಲಿನ ನಿಯಮಕ್ಕೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಸೈರಕ್ಯೂಸಿನ ಆರ್ಕಿಮಿಡೀಸನು ಗಣಿತದ ಸಾಧನೆಯನ್ನು ಕೊಟ್ಟನು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತನು ಇಂತಹ ಐದು ಸಾಧನಗಳನ್ನು ಪಟ್ಟಿಮಾಡಿದನು. ಆ ಪಟ್ಟಿಯಲ್ಲಿ ಇಳಿಜಾರು ಇರಲಿಲ್ಲ. ಇಳಿಜಾರಿನ ಮೇಲೆ ಭಾರವು ಹೇಗೆ ಸಮತೂಗುತ್ತದೆಂಬುದನ್ನು ಸೈಮನ್ ಸ್ಟೆವಿನ್ ಎಂಬ ಗಣಿತಜ್ಞನು 1586ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದನು. ಕಾರ್ಕಳದ ಮೂರ್ತಿ ಬೆಟ್ಟದ ಮೇಲೆ ನಿಂತು ಆಗಲೇ ಒಂದೂವರೆ ಶತಮಾನ ಸಂದಿತ್ತು. ಕುಶಲಕರ್ಮಿಗಳ ಕೈಗೆ ತಿಳಿದಿದ್ದುದು ಪಂಡಿತರ ಲೇಖನಿಗೆ ಬರಲು ಅಷ್ಟು ಕಾಲ ಹಿಡಿಯಿತು.

ಸನ್ನೆಗೋಲಿನ ನಿಯಮ ಬಹು ಸುಲಭವಾದುದು. ಐದೂವರೆ ಅಡಿ ಉದ್ದದ ಹಾರೆಯೊಂದನ್ನು ಕಲ್ಲಿನ ಅಡಿಗೆ ತೂರಿಸಿ, ಕಲ್ಲಿನಿಂದ ಅರ್ಧ ಅಡಿ ದೂರದಲ್ಲಿ ಆನಿಕೆಗಾಗಿ ಗಟ್ಟಿಯಾದ ಮರದ ತುಂಡೊಂದನ್ನು ಇಟ್ಟರೆ, ಒತ್ತುವವನ ಕಡೆಗೆ ಐದು ಅಡಿ ಉಳಿಯುತ್ತದೆ. ಅರ್ಧ ಅಡಿಗೆ ಐದು ಅಡಿ ಹತ್ತು ಪಟ್ಟು. ಆದುದರಿಂದ 30 ಕಿಲೋಗ್ರಾಂ ಭಾರದಷ್ಟು ಒತ್ತಿದರೆ 300 ಕಿಲೋಗ್ರಾಂ ಭಾರ ಮೇಲೇಳುತ್ತದೆ. ಈ ಹತ್ತು ಪಟ್ಟನ್ನೇ ಯಾಂತ್ರಿಕ ಲಾಭವೆಂದು ಕರೆಯುತ್ತಾರೆ. ರಥೋತ್ಸವದ ದಿನ ರಥದ ಗಾಲಿಯ ಹಿಂದೆ ಸನ್ನೆ ಹಾಕುವವರನ್ನು ಕಂಡವರಿಗೆಲ್ಲ ಇದು ಪರಿಚಿತವೇ. ನೂರಾರು ಜನ ಹಗ್ಗ ಜಗ್ಗಿದರೂ ಕದಲದ ರಥವು ನಾಲ್ಕು ಮಂದಿಯ ಸನ್ನೆಗೋಲಿಗೆ ಕದಲುತ್ತದೆ.

ಆದರೆ ಈ ಲಾಭ ಉಚಿತವಾಗಿ ಬರುವುದಿಲ್ಲ. ಕಲ್ಲು ಒಂದು ಅಂಗುಲ ಏಳಬೇಕಾದರೆ ಹಾರೆಯ ಈ ತುದಿ ಹತ್ತು ಅಂಗುಲ ಇಳಿಯಬೇಕು. ಬಲದಲ್ಲಿ ಉಳಿದುದು ದೂರದಲ್ಲಿ ವೆಚ್ಚವಾಗುತ್ತದೆ. ಬಾವಿಯ ರಾಟೆಯನ್ನೇ ನೋಡಬಹುದು. ಮೇಲೆ ಕಟ್ಟಿದ ಒಂಟಿ ರಾಟೆಯು ಬಲವನ್ನು ಒಂದಿಷ್ಟೂ ಉಳಿಸುವುದಿಲ್ಲ; ಮೇಲಕ್ಕೆ ಎಳೆಯಬೇಕಾದುದನ್ನು ಕೆಳಕ್ಕೆ ಎಳೆಯುವಂತೆ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಭಾರದೊಡನೆ ತಾನೂ ಏರುವ ಇನ್ನೊಂದು ರಾಟೆಯನ್ನು ಸೇರಿಸಿದರೆ ಬಲ ಅರ್ಧವಾಗುತ್ತದೆ. ಆದರೆ ಎಳೆಯಬೇಕಾದ ಹಗ್ಗ ಎರಡರಷ್ಟಾಗುತ್ತದೆ. ಇಟಲಿಯ ಪದುವಾ ನಗರದಲ್ಲಿ ಅಧ್ಯಾಪಕನಾಗಿದ್ದ ಗೆಲಿಲಿಯೋ 1600ರ ಸುಮಾರಿಗೆ ಯಂತ್ರಗಳನ್ನು ಕುರಿತು ಬರೆದ ಚಿಕ್ಕ ಗ್ರಂಥದಲ್ಲಿ ಈ ಅಂಶವನ್ನೇ ಎತ್ತಿಹಿಡಿದನು. ಯಂತ್ರವನ್ನು ಮುಂದಿಟ್ಟುಕೊಂಡು ಪ್ರಕೃತಿಯನ್ನು ವಂಚಿಸಬಹುದೆಂದು ಬಗೆಯುವವರು ಭ್ರಮೆಯಲ್ಲಿದ್ದಾರೆಂಬುದು ಅವನ ನಿಲುವಿನ ಸಾರ.

ಈ ನಿಯಮವನ್ನು ಹಿಡಿದು ಕಾರ್ಕಳದ ಐತಿಹ್ಯವನ್ನು ಮತ್ತೊಮ್ಮೆ ನೋಡುವುದು ಉಚಿತ. ಮುಂದಿನ ಅಂಕಿಗಳು ದಾಖಲೆಯವಲ್ಲ; ವಿಷಯವನ್ನು ಸ್ಪಷ್ಟಪಡಿಸಲು ಮಾಡಿದ ಲೆಕ್ಕ ಮಾತ್ರ. 80 ಟನ್ ಎಂದರೆ 80,000 ಕಿಲೋಗ್ರಾಂ. ಒಬ್ಬೊಬ್ಬನು 40 ಕಿಲೋ ಎತ್ತುವನೆಂದರೂ ಅದನ್ನು ನೇರವಾಗಿ ಎತ್ತಲು 2,000 ಜನ ಬೇಕು. ಅಷ್ಟು ಜನ ದೊರೆತರೂ ಪ್ರಯೋಜನವಿಲ್ಲ; ಮಲಗಿಸಿದ ಮೂರ್ತಿಯ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಂತರೂ ನೂರಿನ್ನೂರು ಮಂದಿಗಿಂತ ಹೆಚ್ಚು ಜನ ಹಿಡಿಸಲಾರರು. ಇನ್ನು ಕಲ್ಲಿನ ಮೇಲೆ ಕಲ್ಲನ್ನು ಹಾಗೆಯೇ ಎಳೆದರೆ ತೂಕದ ಅರ್ಧದಷ್ಟು ಬಲ ಘರ್ಷಣೆಗೇ ವೆಚ್ಚವಾದೀತು. ಹತ್ತು ಅಡಿ ಉದ್ದಕ್ಕೆ ಒಂದು ಅಡಿ ಏರುವ ಇಳಿಜಾರಿನಲ್ಲಿ ಘರ್ಷಣೆಗೆ 40 ಟನ್, ಏರಿಕೆಗೆ 8 ಟನ್, ಒಟ್ಟು 48 ಟನ್ ಬಲ ಬೇಕು. ಒಬ್ಬನು ನಿಂತು ನಿಂತು ಎಳೆಯಬಲ್ಲ ಬಲವನ್ನು 25 ಕಿಲೋ ಎಂದು ಹಿಡಿದರೆ 1,920 ಜನ. ಚಕ್ರಗಳನ್ನು ತಂದೊಡನೆ ಚಿತ್ರ ಬದಲಾಗುತ್ತದೆ. ಚಕ್ರದ ಘರ್ಷಣೆಗೆ ತೂಕದ ಇಪ್ಪತ್ತನೆಯ ಒಂದು ಭಾಗ, ಎಂದರೆ 4 ಟನ್. ಏರಿಕೆಗೆ 8 ಟನ್. ಒಟ್ಟು 12 ಟನ್. ಆಗ 480 ಜನ ಸಾಕು. ಹಗ್ಗವು ಉದ್ದವಾಗಿರುವುದರಿಂದ ಅವರೆಲ್ಲರಿಗೂ ನಿಲ್ಲಲು ಸ್ಥಳವೂ ಉಂಟು.

ಘರ್ಷಣೆಯ ಪಾಲು ಎಷ್ಟು ದೊಡ್ಡದೆಂಬುದನ್ನು ಈಜಿಪ್ಟಿನವರೂ ಅರಿತಿದ್ದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಜೆಹುತಿಹೋತೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಚಿತ್ರದಲ್ಲಿ, ಜಾರುಬಂಡಿಯ ಮೇಲಿರಿಸಿದ ಭಾರಿ ವಿಗ್ರಹವನ್ನು ನಾಲ್ಕು ಸಾಲುಗಳಲ್ಲಿ 172 ಮಂದಿ ಎಳೆಯುತ್ತಿದ್ದಾರೆ. ಬಂಡಿಯ ಮುಂದೆ ನಿಂತ ಒಬ್ಬನು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಅದು ಬರಿಯ ಪೂಜಾವಿಧಿಯೆಂದು ಕೆಲವರು ಬಹುಕಾಲ ಭಾವಿಸಿದ್ದರು. ಮರಳಿಗೆ ತಕ್ಕ ಪ್ರಮಾಣದಲ್ಲಿ ನೀರು ಬೆರೆತಾಗ ಎಳೆಯಬೇಕಾದ ಬಲವು ಅರ್ಧಕ್ಕೆ ಇಳಿಯುತ್ತದೆಂದು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2014ರಲ್ಲಿ ಪ್ರಯೋಗದಿಂದ ತೋರಿಸಿದರು. ಹಗ್ಗ ಹಿಡಿಯದೆ ಕೊಡ ಹಿಡಿದ ಆ ಒಬ್ಬನು ಉಳಿದವರ ಅರ್ಧ ಭಾರವನ್ನು ಇಳಿಸುತ್ತಿದ್ದನು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮೂರ್ತಿಯನ್ನು ಒಂದು ಅಡಿ ನೇರವಾಗಿ ಎತ್ತಲು 80 ಟನ್ ಬಲವನ್ನು ಒಂದು ಅಡಿ ದೂರ ನಡೆಸಬೇಕು, ಗುಣಿಸಿದರೆ 80. ಚಕ್ರ ಮತ್ತು ಇಳಿಜಾರಿನ ಮೂಲಕವಾದರೆ 12 ಟನ್ ಬಲವನ್ನು ಹತ್ತು ಅಡಿ ನಡೆಸಬೇಕು, ಗುಣಿಸಿದರೆ 120. ಎಂದರೆ ಯಂತ್ರದಿಂದ ಒಟ್ಟು ಕೆಲಸ ಕಡಿಮೆಯಾಗಲಿಲ್ಲ, ಒಂದೂವರೆ ಪಟ್ಟಾಯಿತು! ಹಾಗಿದ್ದರೂ ಯಾರ ಬೆನ್ನೂ ಮುರಿಯಲಿಲ್ಲ. ಸರಳ ಯಂತ್ರದ ಗುಣವೇ ಇದು. ಅದು ಶ್ರಮವನ್ನು ಇಲ್ಲವಾಗಿಸುವುದಿಲ್ಲ. ಒಬ್ಬನ ಶಕ್ತಿಗೆ ಮೀರಿದ ಶ್ರಮವನ್ನು ಹಂಚಿ, ಹಲವರ ಶಕ್ತಿಯೊಳಗೆ ತರುತ್ತದೆ. ಆ ಹಂಚಿಕೆಗೆ ಕಾಲವನ್ನೂ ದೂರವನ್ನೂ ಶುಲ್ಕವಾಗಿ ಪಡೆಯುತ್ತದೆ.

ಹಾಗಾದರೆ ಆ ಶುಲ್ಕವನ್ನು ತೆರಬೇಕಾದವರು ಯಾರು? ಕಾಲವನ್ನು ಕೊಡುವ ಅಧಿಕಾರ ಹಗ್ಗ ಹಿಡಿದವನಲ್ಲಿಲ್ಲ, ಕೆಲಸ ಮಾಡಿಸುವವನಲ್ಲಿದೆ. ಮಾಡಿಸುವವನು ಆತುರಪಟ್ಟು, ಹತ್ತಕ್ಕೆ ಒಂದರ ಬದಲು ಮೂರಕ್ಕೆ ಒಂದು ಅಡಿ ಏರುವ ಕಡಿದಾದ ದಾರಿಯನ್ನು ಹಾಕಿಸಿದನೆಂದು ಭಾವಿಸೋಣ. ದಾರಿಯೂ ಅದರ ವೆಚ್ಚವೂ ಮೂರನೆಯ ಒಂದು ಭಾಗಕ್ಕೆ ಇಳಿದಾವು. ಆದರೆ ಏರಿಕೆಗೆ ಬೇಕಾದ ಬಲ 8 ಟನ್ನಿನಿಂದ ಸುಮಾರು 27 ಟನ್ನಿಗೆ ಏರುತ್ತದೆ. ಚಕ್ರದ ಘರ್ಷಣೆ ಸೇರಿ 31 ಟನ್. ಅದೇ 480 ಜನರಿಂದ ಎಳೆಸಿದರೆ ಒಬ್ಬೊಬ್ಬನ ಪಾಲಿಗೆ 25 ಕಿಲೋ ಹೋಗಿ 65 ಕಿಲೋ ಬರುತ್ತದೆ. ಒಡೆಯನು ಉಳಿಸಿದ ದಿನಗಳು ಆಳಿನ ಹೆಗಲ ಮೇಲೆ ತೂಕವಾಗಿ ಕುಳಿತವು. ಅವನು ಯಾರನ್ನೂ ಹೊಡೆಯಲಿಲ್ಲ, ಕಟುವಾಗಿ ಒಂದು ಮಾತನ್ನೂ ಆಡಲಿಲ್ಲ. ಆದರೂ ಅತಿಭಾರಾರೋಪಣವಾಯಿತು. ಆತುರವೂ ಒಂದು ಭಾರವೇ ಎಂಬುದನ್ನು ಲೆಕ್ಕವೇ ಹೇಳುತ್ತದೆ.

ಬೆಣೆಯ ವಿಷಯದಲ್ಲಿಯೂ ಇದೇ ಮಾತು. ಏರಿನಲ್ಲಿ ಬಂಡಿ ನಿಂತಾಗ ಗಾಲಿಯ ಹಿಂದೆ ಬೆಣೆಯನ್ನು ಒಡ್ಡದಿದ್ದರೆ, ಎಳೆಯುವವರು ನಿಂತಲ್ಲಿಯೂ ಭಾರವನ್ನು ಹಿಡಿದೇ ಇರಬೇಕು, ದಣಿವಾರಿಸಿಕೊಳ್ಳುವಂತಿಲ್ಲ. ಅಂಗೈಯಗಲದ ಒಂದು ಮರದ ತುಂಡು 480 ಜನರಿಗೆ ವಿಶ್ರಾಂತಿ ಕೊಡುತ್ತದೆ. ಅದನ್ನು ಸಿದ್ಧವಾಗಿಟ್ಟಿರುವುದು ದಯೆಯ ಕಾರ್ಯವೆಂದು ಯಾರೂ ಹೊಗಳಲಾರರು; ಆದರೂ ಅದು ದಯೆಯೇ.

ಯಂತ್ರವೆಂದೊಡನೆ ಅದು ಅಹಿಂಸೆಯ ಪಕ್ಷದ್ದೆಂದು ತಿಳಿಯುವುದೂ ಸರಿಯಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ತ್ಯಜಿಸಬೇಕಾದ ಹದಿನೈದು ಬಗೆಯ ವೃತ್ತಿಗಳನ್ನು ಹೇಳುವಾಗ, ಗಾಣಗಳಿಂದ ಹಿಂಡಿ ಅರೆಯುವ ಯಂತ್ರಪೀಡನವನ್ನೂ, ಪ್ರಾಣಿಗಳ ಮೇಲೆ ಭಾರ ಹೇರಿ ಬಾಡಿಗೆ ದುಡಿಸುವುದನ್ನೂ ಸೇರಿಸಿದ್ದಾರೆ. ಯಂತ್ರವು ಕೈಯ ಬಲವನ್ನು ಹೆಚ್ಚಿಸುತ್ತದೆ. ಆ ಕೈ ಏನು ಮಾಡುತ್ತದೆಂಬುದನ್ನು ಯಂತ್ರ ನಿರ್ಣಯಿಸಲಾರದು.

ಈ ಸಂದರ್ಭದಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಒಂದು ವೈಶಿಷ್ಟ್ಯ ಮನನೀಯವಾಗಿದೆ. ಅತಿಭಾರವನ್ನು ಅವರು ಒಂದೆಡೆಯಲ್ಲ, ಎರಡೆಡೆ ಹೇಳಿದ್ದಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅದು ಬರುತ್ತದೆ. ಮತ್ತೆ ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿಯೂ, ಅತಿಲೋಭ ಮತ್ತು ಅತಿಸಂಗ್ರಹಗಳ ಜೊತೆಯಲ್ಲಿ, ಪ್ರಾಣಿಗಳನ್ನು ಮಿತಿಮೀರಿ ನಡೆಸುವ ಅತಿವಾಹನವೂ ಅತಿಭಾರವಹನವೂ ಬರುತ್ತವೆ. ಒಂದೇ ದೋಷಕ್ಕೆ ಎರಡು ಬೇರುಗಳಿರುವುದನ್ನು ಇದು ಸೂಚಿಸುತ್ತದೆ. ಕ್ರೌರ್ಯದಿಂದ ಹೇರಿದ ಭಾರ ಒಂದು. ಲೋಭದಿಂದ ಹೇರಿದ ಭಾರ ಮತ್ತೊಂದು. ಹೊರುವ ಜೀವಕ್ಕೆ ಎರಡೂ ಒಂದೇ. ಯಂತ್ರವು ದೊರಕಿಸುವ ಲಾಭವು ಎರಡನೆಯ ಬೇರಿಗೇ ನೀರೆರೆಯುವ ಅಪಾಯವುಂಟು.

ಆಧುನಿಕ ಕಾನೂನಿನಲ್ಲಿ ಇದರ ನಿದರ್ಶನವಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ 1960ರ ಅಡಿಯಲ್ಲಿ, ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ನಿಯಮಗಳು ರಚಿತವಾದವು. 200 ಕಿಲೋ ಮೀರದ ಸಣ್ಣ ಎತ್ತಿನಿಂದ ಎರಡು ಚಕ್ರದ ಬಂಡಿಯಲ್ಲಿ ಎಳೆಸಬಹುದಾದ ಗರಿಷ್ಠ ತೂಕವನ್ನು ಅವು ಹೀಗೆ ಗೊತ್ತುಪಡಿಸಿವೆ: ಗಾಳಿ ತುಂಬಿದ ಟೈರುಗಳಿಲ್ಲದ ಬಂಡಿಯಾದರೆ 500 ಕಿಲೋ, ಅಂತಹ ಟೈರುಗಳಿದ್ದರೆ 750 ಕಿಲೋ, ಬಾಲ್ ಬೇರಿಂಗ್ ಇದ್ದರೆ 1,000 ಕಿಲೋ. 30 ಮೀಟರಿಗೆ 3 ಮೀಟರಿಗಿಂತ ಹೆಚ್ಚು ಏರುವ ದಾರಿ ಒಂದು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಇದ್ದರೆ ಈ ತೂಕಗಳು ಅರ್ಧಕ್ಕೆ ಇಳಿಯಬೇಕು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ; ಬಿಡುವಿಲ್ಲದೆ ಐದು ಗಂಟೆ ಮೀರುವಂತಿಲ್ಲ. ಚಕ್ರ, ಇಳಿಜಾರು ಮತ್ತು ಕಾಲ ಈ ಮೂರನ್ನೂ ಅಳೆದು ಮಾಡಿದ ನಿಯಮಗಳಿವು. ಆಚಾರ್ಯರು ವ್ರತವಾಗಿ ಹೇಳಿದುದಕ್ಕೆ ಇಲ್ಲಿ ಅಂಕಿಗಳು ದೊರೆತಿವೆ.

ಆದರೆ ಇದೇ ಪಟ್ಟಿಯನ್ನು ಎರಡು ರೀತಿಯಲ್ಲಿ ಓದಬಹುದು. ಬಂಡಿಗೆ ಬೇರಿಂಗ್ ಹಾಕಿಸಿದ ಒಡೆಯನು ಅದೇ 500 ಕಿಲೋ ಎಳೆಸಿದರೆ ಎತ್ತಿನ ಶ್ರಮ ಬಹಳ ಮಟ್ಟಿಗೆ ಇಳಿಯುತ್ತದೆ. ಅವನು ಪೂರ್ತಿ 1,000 ಕಿಲೋ ಹೇರಿದರೆ ಕಾನೂನಿನ ಮಿತಿಯನ್ನು ಮೀರಿದಂತಾಗುವುದಿಲ್ಲ. ಎತ್ತಿಗೆ ಮಾತ್ರ ಬೇರಿಂಗಿನ ಸುಖ ಸಿಗಲಿಲ್ಲ. ಲಾಭವೆಲ್ಲ ಸರಕಿನ ಪಾಲಾಯಿತು. ಯಾಂತ್ರಿಕ ಲಾಭವು ಯಾರಿಗೆ ಸೇರಬೇಕೆಂಬುದನ್ನು ಕಾನೂನು ನಿರ್ಧರಿಸುವುದಿಲ್ಲ; ಅದು ಒಡೆಯನ ಮನಸ್ಸಿಗೆ ಬಿಟ್ಟ ವಿಷಯ. ವ್ರತವು ಆರಂಭವಾಗುವುದು ಕಾನೂನು ಮುಗಿಯುವ ಈ ಸ್ಥಳದಲ್ಲಿಯೇ.

ತೀರ್ಥಕ್ಷೇತ್ರಗಳ ಡೋಲಿಯನ್ನೂ ಈ ದೃಷ್ಟಿಯಿಂದ ಪರಿಶೀಲಿಸಬಹುದು. ವೃದ್ಧರೂ ಅಶಕ್ತರೂ ಬೆಟ್ಟದ ಮೇಲಿನ ದರ್ಶನ ಪಡೆಯಲು ಡೋಲಿ ಹೊರುವವರ ಹೆಗಲೇ ಆಸರೆ. ಹೊರುವವರಿಗೆ ಅದು ಜೀವನೋಪಾಯ. ಯಂತ್ರಶಾಸ್ತ್ರದ ರೀತ್ಯಾ ಡೋಲಿಯಲ್ಲಿ ಬಲದ ಲಾಭವೇನೂ ಇಲ್ಲ, ಭಾರದ ಹಂಚಿಕೆ ಮಾತ್ರ ಇದೆ. ಎಂಟು ಅಡಿಯ ಕೋಲಿನ ನಟ್ಟನಡುವೆ 90 ಕಿಲೋ ತೂಗಿದರೆ ಇಬ್ಬರಿಗೂ 45 ಕಿಲೋ ಬರುತ್ತದೆ. ಪೀಠವು ಒಂದೇ ಒಂದು ಅಡಿ ಪಕ್ಕಕ್ಕೆ ಸರಿದರೆ ಹತ್ತಿರದವನಿಗೆ 56 ಕಿಲೋ, ದೂರದವನಿಗೆ 34 ಕಿಲೋ. ಒಬ್ಬ ವಯಸ್ಕನು ಹೊರುವ ತೂಕ 55 ಕಿಲೋ ಮೀರದಿರಲೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿದೆ. ಒಂದು ಅಡಿಯ ಅಜಾಗರೂಕತೆಯು ಒಬ್ಬ ಮನುಷ್ಯನನ್ನು ಆ ಮಿತಿಯ ಆಚೆಗೆ ತಳ್ಳುತ್ತದೆ. ಕುಳಿತವರಿಗೆ ಅದರ ಅರಿವೂ ಆಗುವುದಿಲ್ಲ. ನಾಲ್ವರು ಹೊತ್ತರೆ ಒಬ್ಬೊಬ್ಬರಿಗೆ 23 ಕಿಲೋಗಿಂತ ಕಡಿಮೆ. ಇಬ್ಬರ ಬದಲು ನಾಲ್ವರ ಕೂಲಿಯನ್ನು ಕೊಡುವುದು, ಕೋಲಿನ ನಡುವನ್ನು ಗುರುತುಮಾಡಿಸುವುದು, ದಾರಿಯಲ್ಲಿ ಡೋಲಿ ಇಳಿಸಲು ಕಟ್ಟೆಗಳನ್ನು ಕಟ್ಟಿಸುವುದು ಇವು ಸಣ್ಣ ವೆಚ್ಚದ ಕಾರ್ಯಗಳು. ಆದರೆ ಪುಣ್ಯಕ್ಷೇತ್ರದ ಮೆಟ್ಟಿಲುಗಳ ಮೇಲೆ ವ್ರತಪಾಲನೆಯೆಂದರೆ ಇದೇ ಆಗಿದೆ.

ಕಾರ್ಕಳದಲ್ಲಿ ಕಡೆದ ಮತ್ತೊಂದು ಮೂರ್ತಿಯೂ ದಾರಿ ನಡೆಯಿತು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ರೂಪಿಸಿದ 39 ಅಡಿಯ ಬಾಹುಬಲಿಯು 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಬಂದು, 1982ರಲ್ಲಿ ಅಲ್ಲಿ ಪ್ರತಿಷ್ಠೆಗೊಂಡಿತು. ಈ ಬಾರಿ ಮೂರ್ತಿಯನ್ನು ಎಳೆದುದು ಎಂಜಿನು. ಆದರೆ ಅದರ ಕೆಳಗಿದ್ದುದು ಐನೂರು ವರ್ಷಗಳ ಹಿಂದಿನ ಉಪಾಯವೇ: ಭಾರವನ್ನು ಒಂದೆಡೆ ನಿಲ್ಲಗೊಡದೆ ಹಂಚಿಕೊಳ್ಳುವ ಹಲವು ಚಕ್ರಗಳು. ಎಂಜಿನ್ ಬಂದುದರಿಂದ ಮನುಷ್ಯರ ಹೆಗಲಿಗೆ ಬಿಡುವು ದೊರೆಯಿತು. ಹಂಚಿಕೆಯ ಧರ್ಮಕ್ಕೆ ಬಿಡುವು ದೊರೆಯಲಿಲ್ಲ.

ಸರ್ವವನ್ನೂ ತೊರೆದು ನಿಂತವನ ವಿಗ್ರಹವನ್ನು ಬೆಟ್ಟಕ್ಕೆ ಏರಿಸಲು ಲೋಕದ ಜನರು ಇಷ್ಟೊಂದು ಭಾರವನ್ನು ಎಳೆದರೆಂಬುದು ಚಿಂತನಾರ್ಹ ಸಂಗತಿ. ಅವರ ಹೆಸರುಗಳನ್ನು ಇಂದು ಶಾಸನಕ್ಕೆ ಸೇರಿಸಲು ಬರುವುದಿಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ತರಿಸುವಾಗ, ಮಹೋತ್ಸವಕ್ಕೆ ಅಟ್ಟಳಿಗೆ ಕಟ್ಟಿಸುವಾಗ, ಮನೆಗೆ ಮೂಟೆ ಹೊರಿಸುವಾಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು: ಈ ಭಾರದಲ್ಲಿ ಒಬ್ಬೊಬ್ಬನ ಪಾಲು ಎಷ್ಟು? ಆ ಲೆಕ್ಕವನ್ನು ಹೊರುವವನಿಗಿಂತ ಮೊದಲು ಹೊರಿಸುವವನು ಮಾಡಿದರೆ, ಹೆಸರಿಲ್ಲದ ಆ ಜನರಿಗೆ ಸಲ್ಲಬೇಕಾದ ಗೌರವ ಸಂದಂತಾಗುತ್ತದೆ.